ನಂದಿದುರ್ಗ: ಸೂರ್ಯೋದಯ ಬಿಟ್ಟು ಕೋಟೆ, ತೋಟ, ಕಾಡುದಾರಿ ನೋಡಬೇಕು ಅಂದ್ರೆ ಹೇಗೆ ಹೋಗಬೇಕು?

ಮಲ್ಲೇಶ್ವರದ_ಮನೆ

ಎಲ್ಲರಿಗೂ ನಮಸ್ಕಾರ. ನಂದಿಬೆಟ್ಟ ಅಂತ ಹುಡುಕಿದ್ರೆ ಸಿಗೋದೆಲ್ಲ ಸೂರ್ಯೋದಯದ ಫೋಟೊ. ನಮಗೆ ಬೇಕಿರೋದು ಕೋಟೆ ಗೋಡೆ, ಹಳೆ ತೋಟ, ಮೇಲೆ ಮರಗಳ ನಡುವೆ ಇರೋ ದಾರಿಗಳು. ಒಟ್ಟು ಐದು ಜನ. ಇಬ್ಬರು 65 ದಾಟಿದವರು, ಒಂದು 9 ವರ್ಷದ ಮಗು. ಉಳಿದ ಇಬ್ಬರಿಗೆ ಮೆಟ್ಟಿಲ ದಾರಿಯಲ್ಲೇ ಹತ್ತೋ ಆಸೆ. ಯಾವ ದಿನ, ಎಷ್ಟು ಹೊತ್ತಿಗೆ, ಮೇಲೆ ಯಾವ ಕ್ರಮದಲ್ಲಿ ನಡೆದ್ರೆ ಒಳ್ಳೇದು?

ದುರ್ಗದಾರಿ

ಮೇಡಂ, ಮೊದಲು ದಿನ ಗೊತ್ತುಮಾಡಿಕೊಳ್ಳಿ. ಶನಿವಾರ, ಭಾನುವಾರ, ಸರ್ಕಾರಿ ರಜೆ ಬೇಡವೇ ಬೇಡ. ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ನೋಡಿ. ಕರಹಳ್ಳಿ ಕ್ರಾಸಿನಿಂದ ಮೇಲಕ್ಕೆ ಸುಮಾರು 8 ಕಿ.ಮೀ. ತಿರುವಿನ ರಸ್ತೆ, ಇಕ್ಕಟ್ಟು. ವಾರದ ಕೊನೆಯಲ್ಲಿ ಬೆಂಗಳೂರಿನ ಅರ್ಧ ಬೈಕುಗಳು ಒಂದೇ ಗಂಟೆಯಲ್ಲಿ ಅಲ್ಲಿ ಸೇರುತ್ತವೆ. ಸೂರ್ಯೋದಯ ಅಂತ ಮೂರೂವರೆಗೆ ಎದ್ದು ಹೊರಟವರಲ್ಲಿ ಎಷ್ಟೋ ಜನಕ್ಕೆ ಸೂರ್ಯ ಕಾಣೋದು ತಿರುವಿನ ಸಾಲಿನಲ್ಲಿ ನಿಂತಾಗಲೇ.

ಎರಡನೇದು ಹೊತ್ತು. ಸೂರ್ಯೋದಯದ ಜನ ಎಂಟು, ಎಂಟೂವರೆಗೆ ಇಳಿಯೋಕೆ ಶುರು ಮಾಡ್ತಾರೆ. ನೀವು ಆಗ ಹತ್ತಿ. ಹೆಬ್ಬಾಳ ಫ್ಲೈಓವರನ್ನ 6.30ಕ್ಕೆ ದಾಟಿ, ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿ ಹತ್ತಿರ ತಿಂಡಿ ಮುಗಿಸಿ, ರಾಣಿ ಕ್ರಾಸಿನಲ್ಲಿ ಎಡಕ್ಕೆ ತಿರುಗಿ. 8.30ರ ಹೊತ್ತಿಗೆ ಬೆಟ್ಟದ ಬುಡದಲ್ಲಿರ್ತೀರಿ. ಒಂಬತ್ತರಿಂದ ಹನ್ನೆರಡರವರೆಗೆ ಮೇಲಿನ ದಾರಿಗಳು ಬಹುಮಟ್ಟಿಗೆ ನಿಮ್ಮವೇ.

ನಡೆಯೋ ಕ್ರಮ ನಾನು ಹೇಳೋದು ಹೀಗೆ. ಪಾರ್ಕಿಂಗ್ ಬಿಟ್ಟು ಕೋಟೆ ಬಾಗಿಲು ಹೊಕ್ಕಾಗ ಟಿಪ್ಪುವಿನ ಬೇಸಿಗೆ ಅರಮನೆ ಸಿಗುತ್ತೆ. ಹೊರಗಿನಿಂದ ನೋಡೋದೇ ಹೆಚ್ಚು, ಹತ್ತು ನಿಮಿಷ ಸಾಕು. ಅಲ್ಲಿಂದ ಏರುರಸ್ತೆ. ಹಿರಿಯರಿಗೆ ಕಷ್ಟ ಆಗೋದು ಈ ಒಂದು ಏರು ಮಾತ್ರ, ಆದ್ದರಿಂದ ಒಳಗೆ ಓಡಾಡೋ ವಾಹನ ಆ ದಿನ ಇದೆಯಾ ಅಂತ ಟಿಕೆಟ್ ಕೌಂಟರಿನಲ್ಲೇ ಕೇಳಿಬಿಡಿ. ಮೇಲೆ ಹೋದ ಮೇಲೆ ಮೊದಲು ಅಮೃತ ಸರೋವರ, ಆಮೇಲೆ ತೋಟ ಮತ್ತು ಕಬ್ಬನ್ ಬಂಗಲೆಯ ಕಡೆ, ಅಲ್ಲಿಂದ ಮರಗಳ ನಡುವೆ ಯೋಗನಂದೀಶ್ವರ ಗುಡಿ. ಟಿಪ್ಪು ಡ್ರಾಪ್ ಅನ್ನೋ ಕಡಿದಾದ ಬಂಡೆ ಅಂಚು ಗುಡಿಯ ಹತ್ತಿರವೇ ಇದೆ, ಅದನ್ನ ಕೊನೆಗಿಟ್ಟುಕೊಳ್ಳಿ. ಬಹಳ ಜನ ಬಾಗಿಲು ಹೊಕ್ಕವರೇ ನೆಟ್ಟಗೆ ಟಿಪ್ಪು ಡ್ರಾಪಿಗೆ ಓಡಿ, ಸೆಲ್ಫಿ ತೆಗೆದು ವಾಪಸ್ ಬರ್ತಾರೆ. ತೋಟ, ಕಾಡು, ಕೋಟೆ ಮೂರೂ ಅವರ ಬೆನ್ನ ಹಿಂದೇನೇ ಉಳಿದುಹೋಗುತ್ತೆ. ನಿಧಾನಕ್ಕೆ ನಡೆದ್ರೆ ಮೂರು ಗಂಟೆ ಬೇಕು. ಮಗು ಜೊತೆ ಅಂದ್ರೆ ಮೂರೂವರೆ.

ಗೇರ್_ಎರಡು

ಘಾಟಿ ಓಡಿಸೋರಿಗೆ ನಾಲ್ಕು ಮಾತು.

ಹತ್ತುವಾಗ ಗಾಡಿ ಕೆಡೋದು ಬಹುಪಾಲು ಕ್ಲಚ್ಚಿನಿಂದ. ಸಾಲು ನಿಂತಾಗ ಅರ್ಧ ಕ್ಲಚ್ಚಿನಲ್ಲಿ ಕಾರನ್ನ ಹಿಡಿದು ನಿಲ್ಲಿಸ್ತಾರೆ. ಎರಡು ಮೂರು ನಿಮಿಷಕ್ಕೇ ಸುಟ್ಟ ವಾಸನೆ, ಆಮೇಲೆ ಗೇರ್ ಹಾಕಿದ್ರೂ ಎಳೆಯಲ್ಲ. ನಿಂತ ತಕ್ಷಣ ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ಗೆ ಬನ್ನಿ. ಮುಂದಿನ ಗಾಡಿ ಒಂದು ಕಾರಿನಷ್ಟು ದೂರ ಹೋದ ಮೇಲೆ ಒಂದೇ ಸಲಕ್ಕೆ ಹೊರಡಿ, ಅಡಿ ಅಡಿಯಾಗಿ ತೆವಳಬೇಡಿ.

ಇಳಿಯುವಾಗ ಯಾವ ಗೇರಿನಲ್ಲಿ ಹತ್ತಿದ್ರೋ ಅದೇ ಗೇರಿನಲ್ಲಿ ಇಳೀರಿ, ಅಂದ್ರೆ ಹೆಚ್ಚಿನ ಕಡೆ ಎರಡು. ಬ್ರೇಕ್ ಮೇಲೆ ಕಾಲು ಇಟ್ಟೇ ಇದ್ರೆ ಪ್ಯಾಡ್ ಕಾದು ಹಿಡಿತ ಕಡಿಮೆ ಆಗುತ್ತೆ. ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಗೇರಿಲ್ಲದ ಸ್ಕೂಟರಿನವರು ಇದನ್ನ ಎರಡು ಸಲ ಓದಿ. ನಿಮ್ಮ ಗಾಡಿಗೆ ಎಂಜಿನ್ ಹಿಡಿತ ತೀರಾ ಕಡಿಮೆ, ಭಾರವೆಲ್ಲ ಬ್ರೇಕಿನ ಮೇಲೆ. ಇಬ್ಬರು ಕೂತಿದ್ರೆ ದಾರಿ ನಡುವೆ ರಸ್ತೆ ಅಗಲ ಇರೋ ಕಡೆ ಐದು ನಿಮಿಷ ನಿಲ್ಲಿಸಿ, ಬ್ರೇಕ್ ತಣ್ಣಗಾಗೋಕೆ ಬಿಡಿ. ಪೆಟ್ರೋಲ್ ಉಳಿಯುತ್ತೆ ಅಂತ ಎಂಜಿನ್ ಆಫ್ ಮಾಡಿ ಇಳಿಯೋದು ಶುದ್ಧ ಅಪಾಯ.

ಇಕ್ಕಟ್ಟಿನ ಇಳಿಜಾರಲ್ಲಿ ಇಳಿಯೋ ಗಾಡಿ ಹತ್ತೋ ಗಾಡಿಗೆ ದಾರಿ ಬಿಡಬೇಕು. ಇದು ಸೌಜನ್ಯದ ಮಾತಲ್ಲ, ನಿಯಮವೇ ಹಾಗಿದೆ. ದುರ್ಗದಾರಿ ಅಣ್ಣ ಹೇಳಿದ ಎಂಟೂವರೆ ಹೊತ್ತಿಗೆ ಮೇಲಿಂದ ಗುಂಪು ಇಳಿಯುತ್ತಿರುತ್ತೆ, ಹಾಗಾಗಿ ತಿರುವಿಗೆ ಮುಂಚೆ ಹಾರನ್ ಮಾಡಿ, ನಿಮ್ಮ ಎಡ ಬಿಡಬೇಡಿ.

ಮಳೆಗಾಲದಲ್ಲಿ ಇನ್ನೊಂದು ವಿಷಯ. 2021ರ ಆಗಸ್ಟಿನಲ್ಲಿ ಭಾರಿ ಮಳೆಗೆ ಬೆಟ್ಟ ಕುಸಿದು ಈ ರಸ್ತೆ ಕೊಚ್ಚಿಹೋಗಿತ್ತು, ತಿಂಗಳುಗಟ್ಟಲೆ ಬಂದ್ ಇತ್ತು. ರಾತ್ರಿಯೆಲ್ಲ ಮಳೆ ಸುರಿದ ಮರುದಿನ ಹೋಗಲೇಬೇಡಿ. ಹೊರಡೋ ಹಿಂದಿನ ದಿನ ಪ್ರವೇಶದ ನಿಯಮ, ಪಾರ್ಕಿಂಗ್ ಬುಕಿಂಗ್ ಎರಡನ್ನೂ ನೋಡಿಕೊಳ್ಳಿ. ಡಿಸೆಂಬರ್ 31ರ ಸಂಜೆಯಿಂದ ಜನವರಿ 1ರ ಬೆಳಗಿನವರೆಗೆ ಸಾಮಾನ್ಯವಾಗಿ ಬಿಡೋದಿಲ್ಲ.

ಸಸ್ಯಶಾಲೆ

ತೋಟದ ಬಗ್ಗೆ ಕೇಳಿದ್ದಕ್ಕೆ ಖುಷಿಯಾಯ್ತು, ಯಾಕಂದ್ರೆ ನಂದಿಯ ನಿಜವಾದ ಸಂಪತ್ತು ಅದು.

ಭಾರತದಲ್ಲಿ ನೀಲಗಿರಿ ಮರ ಮೊದಲು ನೆಟ್ಟಿದ್ದು ಎಲ್ಲಿ ಅಂತ ಅರಣ್ಯಶಾಸ್ತ್ರದ ಪುಸ್ತಕ ತೆಗೆದು ನೋಡಿದ್ರೆ ಬರೋ ಉತ್ತರ ನಂದಿಬೆಟ್ಟ. 1790ರ ಆಸುಪಾಸಿನಲ್ಲಿ ಟಿಪ್ಪು ತನ್ನ ಅರಮನೆ ತೋಟದಲ್ಲಿ ನೆಡಿಸಿದ ಅಂತ ಅಲ್ಲಿ ದಾಖಲಾಗಿದೆ. ಆ ಮರದಿಂದ ಆಮೇಲೆ ರಾಜ್ಯದ ಬಯಲುಸೀಮೆಗೆ ಏನಾಯ್ತು ಅನ್ನೋದು ಬೇರೆ ಕತೆ. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನೇ ನಿಷೇಧ ಮಾಡಬೇಕಾಯ್ತು. ಬೆಟ್ಟದ ಮೇಲೆ ಅದರ ನಡವಳಿಕೆ ಮಾತ್ರ ಬೇರೆ, ಅದನ್ನ ನಿಂತು ನೋಡಬೇಕು.

ಮಂಜು ಕವಿದ ಬೆಳಗ್ಗೆ ಯಾವುದಾದ್ರೂ ಎತ್ತರದ ಮರದ ಬುಡಕ್ಕೆ ಹೋಗಿ. ಎರಡು ಮಾರು ಆಚೆಗಿನ ಬಯಲು ಬಂಡೆ ಒಣಗಿರುತ್ತೆ, ಮರದ ಕೆಳಗಿನ ಮಣ್ಣು ಮಾತ್ರ ಕಾಲಿಗೆ ಅಂಟುವಷ್ಟು ಒದ್ದೆ. ಮಳೆ ಬಂದಿಲ್ಲ. ಎಲೆ ಹತ್ತಿರದಿಂದ ನೋಡಿ: ನೀಲಗಿರಿ ಎಲೆ ಕುಡುಗೋಲಿನ ಆಕಾರ, ತುದಿ ಕೆಳಗೆ ಮಾಡಿ ತೂಗುತ್ತೆ. ಗಾಳಿ ತಂದ ಮೋಡದ ಸಣ್ಣ ಕಣಗಳು ಎಲೆಗೆ ತಾಗಿ, ಒಂದಕ್ಕೊಂದು ಕೂಡಿ, ನಡುನರದ ಗುಂಟ ಜಾರಿ ತುದಿಗೆ ಬಂದು ನಿಲ್ಲುತ್ತವೆ. ಹನಿ ದಪ್ಪ ಆಗುತ್ತೆ, ನಡುಗುತ್ತೆ, ಟಪ್ ಅಂತ ಬೀಳುತ್ತೆ. ಅದೇ ಎಲೆಯಲ್ಲಿ ಅರ್ಧ ನಿಮಿಷಕ್ಕೆ ಇನ್ನೊಂದು. ಕ್ರಿಸ್ಮಸ್ ಮರ ಅಂತ ನಮ್ಮ ಕಡೆ ಕರೆಯೋ ಅರಾಕೇರಿಯಾದ ಸೂಜಿಯಂಥ ಎಲೆಗಳಲ್ಲೂ ಇದೇ ಕೆಲಸ ನಡೆಯುತ್ತೆ. ಬುಡದಲ್ಲಿ ಪಾಚಿ, ಜರೀಗಿಡ, ಕೊಂಬೆಯ ಮೇಲೆ ಸೀತಾಳೆ ದಂಡೆ ಜಾತಿಯ ಆರ್ಕಿಡ್ ಬದುಕಿರೋದು ಈ ಹನಿಯಿಂದ. ಬೆಟ್ಟದ ಇಳಿಜಾರಿನಲ್ಲಿ ಕುರುಚಲು, ನೆತ್ತಿಯಲ್ಲಿ ಮಲೆನಾಡಿನಂಥ ಹಸಿರು ಯಾಕೆ ಅನ್ನೋದಕ್ಕೂ ಇದೇ ಕಾರಣ.

ಮರಗಳ ಕೆಳಗೆ ಕಾಫಿ ಗಿಡ ಕಂಡ್ರೆ ಆಶ್ಚರ್ಯಪಡಬೇಡಿ, ಹಳೆಯ ನೆಡುವಿಕೆಯದು. ಮಾರ್ಚ್ ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದು ವಾರ ಹತ್ತು ದಿನಕ್ಕೆ ಹೋದ್ರೆ ಬಿಳಿ ಹೂವು, ಮಲ್ಲಿಗೆಯಂಥ ವಾಸನೆ. ಹೂವಿರೋದು ಎರಡು ಮೂರು ದಿನ ಅಷ್ಟೆ.

ಒಂದು ಕೋರಿಕೆ. ದಾರಿ ಬಿಟ್ಟು ಮರಗಳ ನಡುವೆ ಅಡ್ಡ ಹಾಯಬೇಡಿ. ಅಲ್ಲಿನ ಮೇಲ್ಮಣ್ಣು ತೆಳು, ಕೆಳಗೆ ನೇರ ಬಂಡೆ. ಹತ್ತು ಜನ ತುಳಿದ ಜಾಗದಲ್ಲಿ ಪಾಚಿ ಕಿತ್ತು ಬಂದ್ರೆ ಮುಂದಿನ ಮಳೆಗೆ ಮಣ್ಣೂ ಹೋಗುತ್ತೆ.

ಹೊಸಕೆರೆಹಳ್ಳಿ_07

ಮೋಡ ಕಾಲ ಕೆಳಗೆ ಇರುತ್ತೆ ಅಂತಾರಲ್ಲ, ಅದು ಯಾವಾಗ ಸಿಗುತ್ತೆ? ಜುಲೈನಲ್ಲಿ ಹೋದವರಿಗೆಲ್ಲ ಬರೀ ಬಿಳಿ ಗೋಡೆ ಕಂಡಿದೆ.

ಗಾಳಿ_ಮೋಡ

ಎರಡೂ ಬೇರೆ ಬೇರೆ ಮೋಡ, ಅದಕ್ಕೆ ಗೊಂದಲ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ತೇವ ಹೊತ್ತು ತಂದು ಬೆಟ್ಟಕ್ಕೆ ಗುದ್ದುತ್ತೆ, ಮೇಲಕ್ಕೇರಿ ತಣ್ಣಗಾಗಿ ನೆತ್ತಿಯಲ್ಲೇ ಮೋಡ ಆಗುತ್ತೆ. ನೀವು ಅದರೊಳಗೇ ನಿಂತಿರ್ತೀರಿ. ನೋಟ ಇಲ್ಲ, ಆದ್ರೆ ಸಸ್ಯಶಾಲೆ ಹೇಳಿದ ಹನಿ ನೋಡೋಕೆ ಇದೇ ಕಾಲ.

ಕೆಳಗೆ ಹಾಸಿದ ಮೋಡ ನವೆಂಬರಿನಿಂದ ಜನವರಿಯದು. ರಾತ್ರಿ ಆಕಾಶ ತಿಳಿಯಾಗಿ, ಗಾಳಿ ಇಲ್ಲದಿದ್ರೆ ನೆಲ ಬೇಗ ತಣ್ಣಗಾಗುತ್ತೆ. ತಣ್ಣನೆಯ ಭಾರದ ಗಾಳಿ ತಗ್ಗಿಗೆ ಇಳಿದು ಕೂರುತ್ತೆ, ಅದರಲ್ಲಿನ ತೇವ ಮಂಜಾಗುತ್ತೆ. 1478 ಮೀಟರ್ ಎತ್ತರದ ನೆತ್ತಿ ಅದರ ಮೇಲೆ ಉಳಿಯುತ್ತೆ. ಹಿಂದಿನ ದಿನ ನೋಡಬೇಕಾದ್ದು ಮೂರು: ಎರಡು ಮೂರು ದಿನದೊಳಗೆ ಮಳೆ ಬಂದಿರಬೇಕು, ರಾತ್ರಿ ಮೋಡ ಇರಬಾರದು, ಗಾಳಿ ತೀರಾ ನಿಧಾನ ಇರಬೇಕು. ಮೂರರಲ್ಲಿ ಒಂದು ತಪ್ಪಿದ್ರೂ ಕೆಳಗೆ ಹೊಲ, ಮನೆ ಎಲ್ಲ ಸ್ಪಷ್ಟ ಕಾಣುತ್ತೆ, ಮೋಡ ಸಿಗಲ್ಲ. ಬಿಸಿಲೇರಿದಂತೆ ಮಂಜು ಕರಗುತ್ತೆ, ಒಂಬತ್ತೂವರೆ ಆಚೆ ಉಳಿಯೋದು ಅಪರೂಪ.

ಬಟ್ಟೆ ವಿಷಯ: ಬೆಂಗಳೂರು ಸುಮಾರು 920 ಮೀಟರ್. 550 ಮೀಟರ್ ಹೆಚ್ಚು ಹತ್ತಿದ್ರೆ 3ರಿಂದ 4 ಡಿಗ್ರಿ ಇಳಿಯುತ್ತೆ. ಗಾಳಿ ಸೇರಿದ್ರೆ ಮೈಗೆ ಇನ್ನೂ ಹೆಚ್ಚು ಚಳಿ ಅನ್ನಿಸುತ್ತೆ. ದಪ್ಪ ಸ್ವೆಟರಿಗಿಂತ ಗಾಳಿ ತಡೆಯೋ ತೆಳು ಜಾಕೆಟ್ ಮೇಲು. ಹಿರಿಯರಿಗೆ ಕಿವಿ ಮುಚ್ಚೋ ಟೋಪಿ ಅಥವಾ ಮಫ್ಲರ್ ಇರಲಿ.

ಏಪ್ರಿಲ್ ಮೇ ತಿಂಗಳಾದ್ರೆ ಮಧ್ಯಾಹ್ನ ಎರಡರೊಳಗೆ ಇಳಿದುಬಿಡಿ. ಆ ಕಾಲದ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಕಟ್ಟುತ್ತೆ. ಬೋಳು ನೆತ್ತಿ, ಒಂಟಿ ಮರ ಎರಡೂ ಸಿಡಿಲಿಗೆ ಕೆಟ್ಟ ಜಾಗ.

ಮೆಟ್ಟಿಲು_1175

ಮೆಟ್ಟಿಲ ದಾರಿ ಸುಲ್ತಾನಪೇಟೆ ಊರಿನಿಂದ ಶುರು. ಒಟ್ಟು 1175 ಮೆಟ್ಟಿಲು ಅನ್ನೋದು ರೂಢಿಯ ಲೆಕ್ಕ. ಡಾಂಬರು ರಸ್ತೆ ಆಗೋಕೆ ಮುಂಚೆ ಜನ ಹತ್ತುತ್ತಿದ್ದ ಹಳೇ ದಾರಿ ಇದು. ಅಭ್ಯಾಸ ಇರೋರಿಗೆ ಒಂದು ಗಂಟೆ, ಇಲ್ಲದವರಿಗೆ ಒಂದೂವರೆ. ಈ ದಾರಿಯನ್ನ ಆಗಾಗ ಮುಚ್ಚುತ್ತಾರೆ, ಆದ್ದರಿಂದ ಆ ದಿನ ಬಿಡ್ತಾರಾ ಅಂತ ಖಚಿತ ಮಾಡಿಕೊಂಡೇ ಹೊರಡಿ.

ಕಷ್ಟ ಕೊಡೋದು ಮೆಟ್ಟಿಲಿನ ಎಣಿಕೆ ಅಲ್ಲ, ಎತ್ತರದ ಏರುಪೇರು. ಒಂದು ಕಲ್ಲು ಗೇಣಿನಷ್ಟು, ಮುಂದಿನದು ಮೊಣಕಾಲ ಹತ್ತಿರ, ಅದರಾಚೆ ಸವೆದು ಹೊರಬಾಗಿದ ಕಲ್ಲು. ಹೆಜ್ಜೆಗೆ ಲಯ ಸಿಗಲ್ಲ, ಅದಕ್ಕೇ ಬೇಗ ಉಸಿರು ಕಟ್ಟುತ್ತೆ. ಎತ್ತರದ ಕಲ್ಲಿಗೆ ಪೂರ್ತಿ ಪಾದ ಇಟ್ಟು, ಮುಂದಕ್ಕೆ ಬಾಗಿ ಏಳಿ. ಬೆರಳ ತುದಿಯಲ್ಲಿ ಹತ್ತಿದ್ರೆ ಮೀನಖಂಡ ಹಿಡಿದುಕೊಳ್ಳುತ್ತೆ. ಇಳಿಯುವಾಗ ಕಲ್ಲಿನ ನಡುಭಾಗ ನುಣ್ಣಗಿರುತ್ತೆ, ಅಂಚಿನ ಕಡೆ ಒರಟು, ಅಲ್ಲಿ ಕಾಲಿಡಿ. ಮಂಡಿ ನೋವಿರೋರು ಇಳಿಯೋದಕ್ಕೆ ಕಾರನ್ನೇ ನೆಚ್ಚಿಕೊಳ್ಳಿ, ಮಂಡಿಗೆ ಪೆಟ್ಟು ಬೀಳೋದು ಇಳಿಯುವಾಗ.

ಒಬ್ಬರಿಗೆ ಒಂದೂವರೆ ಲೀಟರ್ ನೀರು, ಒಂದು ಹಿಡಿ ಕಡಲೆಬೀಜ, ಬೆಲ್ಲ. ಹಿಡಿತ ಸವೆದ ಶೂ ಹಾಕಬೇಡಿ. ಮಳೆ ಬಂದ ಮರುದಿನ ಕಲ್ಲಿನ ಮೇಲೆ ಕಣ್ಣಿಗೆ ಕಾಣದ ತೆಳು ಪಾಚಿ ಇರುತ್ತೆ, ಎಂಥ ಶೂ ಆದರೂ ಜಾರುತ್ತೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹುಲ್ಲು ಒಣಗಿ ನಿಂತಿರುತ್ತೆ, ಒಂದು ಬೀಡಿ ಕಿಡಿ ಸಾಕು. ಬೆಂಕಿಪೊಟ್ಟಣವನ್ನೇ ಒಯ್ಯಬೇಡಿ.

ಕಲ್ಲುಗೋಡೆ

ಮೆಟ್ಟಿಲು ಹತ್ತುವವರು ಕೋಟೆಯನ್ನು ಸರಿಯಾಗಿ ನೋಡುತ್ತಾರೆ, ಕಾರಿನವರಿಗೆ ಅದು ತಪ್ಪಿಹೋಗುತ್ತದೆ. ನಂದಿದುರ್ಗದ ಗೋಡೆಗಿಂತ ಮುಖ್ಯ ಅದರ ಬಂಡೆ. ಸುತ್ತಲೂ ಕಡಿದಾದ ಗ್ರಾನೈಟ್, ಹತ್ತಲು ಆಗುವುದು ಒಂದು ಕಡೆ ಮಾತ್ರ. ಆದ್ದರಿಂದ ಕಟ್ಟಿದವರು ತಮ್ಮ ಶ್ರಮವನ್ನೆಲ್ಲ ಆ ಒಂದು ಕಡೆಗೆ ಸುರಿದು, ಅಲ್ಲಿ ಎರಡು ಸುತ್ತಿನ ಗೋಡೆ ಎಬ್ಬಿಸಿದರು. ಚಿಕ್ಕಬಳ್ಳಾಪುರದ ಪಾಳೆಯಗಾರರ ಕಾಲದ ಕೋಟೆಯನ್ನು ಹೈದರ್ ಮತ್ತು ಟಿಪ್ಪು ಬಲಪಡಿಸಿದರು.

1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಇದನ್ನು ಮುತ್ತಿದಾಗ ತೋಪುಗಳನ್ನು ಈ ಇಳಿಜಾರಿನಲ್ಲಿ ಮೇಲೆಳೆಯಲು ಆನೆಗಳನ್ನು ಬಳಸಬೇಕಾಯಿತು. ಸುಮಾರು ಮೂರು ವಾರ ಹಿಡಿಯಿತು. ಅಕ್ಟೋಬರ್ 18–19ರ ರಾತ್ರಿ ಚಂದ್ರ ಮೂಡಿದ ಮೇಲೆ ಗೋಡೆಯ ಬಿರುಕಿನಿಂದ ನುಗ್ಗಿದರು. ಹತ್ತುವವರಿಗೆ ಗಾಯವಾದದ್ದು ಹೆಚ್ಚಾಗಿ ಮೇಲಿನಿಂದ ಉರುಳಿಸಿದ ಕಲ್ಲುಗಳಿಂದ. ಮೆಟ್ಟಿಲ ದಾರಿಯಲ್ಲಿ ಒಮ್ಮೆ ನಿಂತು ತಲೆ ಎತ್ತಿ ನೋಡಿದರೆ, ಕಲ್ಲು ಉರುಳಿಸುವುದು ಎಷ್ಟು ಸುಲಭವಿತ್ತು ಎಂದು ತಾನಾಗಿ ತಿಳಿಯುತ್ತದೆ.

ಟಿಪ್ಪು ಡ್ರಾಪಿನ ಕಂಬಿ ದಾಟಬೇಡಿ. ಅಲ್ಲಿನ ಬಂಡೆ ಅಂಚಿನವರೆಗೆ ಸಮತಟ್ಟಾಗಿಲ್ಲ, ನಿಧಾನವಾಗಿ ಹೊರಕ್ಕೆ ಬಾಗುತ್ತ ಹೋಗುತ್ತದೆ. ಎಲ್ಲಿಗೆ ಕಾಲು ನಿಲ್ಲುವುದಿಲ್ಲ ಎಂಬುದು ಕಣ್ಣಿಗೆ ಕಾಣುವುದಿಲ್ಲ.

ಕಬ್ಬನ್ ಬಂಗಲೆಯ ಕಡೆ ಹೋದಾಗ ಮಗುವಿಗೆ ಹೇಳಿ: ನಮ್ಮ ಕಬ್ಬನ್ ಪಾರ್ಕಿಗೆ ಹೆಸರು ಬಂದಿರುವುದು ಇದೇ ಮಾರ್ಕ್ ಕಬ್ಬನ್‌ನಿಂದ, 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದವನು. ಗಾಂಧೀಜಿ ಆರೋಗ್ಯ ಕೆಟ್ಟಾಗ 1927ರಲ್ಲಿ ವಿಶ್ರಾಂತಿಗೆ ಬಂದದ್ದೂ ಈ ಬೆಟ್ಟಕ್ಕೇ.

ಹಕ್ಕಿನೋಟ

ಹಕ್ಕಿಗೆ ಅಂತ ಹೋಗೋದಾದ್ರೆ ಅಕ್ಟೋಬರಿಂದ ಮಾರ್ಚ್, ನರ್ಸರಿ ಸುತ್ತಮುತ್ತ. ಒಂದು ಕಡೆ ಕೂತು ಇಪ್ಪತ್ತು ನಿಮಿಷ ಅಲುಗಾಡದೆ ಇರಿ, ಅಷ್ಟೆ. ಚಳಿಗಾಲಕ್ಕೆ ಹಿಮಾಲಯದ ಕಡೆಯಿಂದ ಬರೋ ನೀಲಿ ರಾಬಿನ್ ತರಗೆಲೆ ಕೆದಕುತ್ತೆ, ಮೊದಲು ಸದ್ದು ಕೇಳುತ್ತೆ, ಆಮೇಲೆ ಹಕ್ಕಿ ಕಾಣುತ್ತೆ. ಬಾಲದಂಡೆ ಹಕ್ಕಿ, ಸಿಳ್ಳಾರ ಸಿಗುತ್ತವೆ. ಎತ್ತರದ ಮರದಲ್ಲಿ ನೀಲಗಿರಿ ಕಾಡುಪಾರಿವಾಳ ಇದೆಯಾ ನೋಡಿ. ಪಶ್ಚಿಮಘಟ್ಟದ ಹಕ್ಕಿ ಅದು, ಇಷ್ಟು ಪೂರ್ವಕ್ಕೆ ಈ ಬೆಟ್ಟದಲ್ಲಿ ಉಳಿದುಕೊಂಡಿದೆ. ಹಳದಿ ಕೊರಳಿನ ಪಿಕಳಾರ ಮಾತ್ರ ಮೇಲಿನ ಕಾಡಲ್ಲಿ ಹುಡುಕಬೇಡಿ, ಅದಕ್ಕೆ ಬೇಕಿರೋದು ಇಳಿಜಾರಿನ ಬಂಡೆ, ಕುರುಚಲು. ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೆಯೋ ಅಭ್ಯಾಸ ದಯವಿಟ್ಟು ಬೇಡ, ತನ್ನ ಜಾಗಕ್ಕೆ ಎದುರಾಳಿ ಬಂದ ಅಂತ ಅದು ಮೇವು ಬಿಟ್ಟು ಓಡಾಡುತ್ತೆ.

ಮಲ್ಲೇಶ್ವರದ_ಮನೆ

ಎಲ್ಲರಿಗೂ ತುಂಬಾ ಧನ್ಯವಾದ. ಕೋತಿ ಕಾಟ ಹೇಗಿದೆ? ಹಿರಿಯರಿಗೆ ಅದೇ ಭಯ. ಬಸ್ಸು, ರೈಲಿನ ವಿಷಯ ಗೊತ್ತಿದ್ರೂ ಹೇಳಿ.

ದುರ್ಗದಾರಿ

ಕೋತಿಗಳು ಬೇಕಾದಷ್ಟಿವೆ. ಅವು ಹುಡುಕೋದು ಮನುಷ್ಯನನ್ನಲ್ಲ, ಕವರನ್ನ. ಪ್ಲಾಸ್ಟಿಕ್ ಸರಸರ ಅಂದ್ರೆ ಊಟ ಅಂತ ಅವಕ್ಕೆ ನಾವೇ ಕಲಿಸಿದ್ದೀವಿ. ಕೈಯಲ್ಲಿ ಕವರ್, ಹಣ್ಣು, ಜ್ಯೂಸ್ ಬಾಟಲಿ ಇರಬಾರದು. ತಿಂಡಿಯೆಲ್ಲ ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿ ಜಿಪ್ ಇರೋ ಬ್ಯಾಗಿನೊಳಗೆ, ಬ್ಯಾಗು ಬೆನ್ನಿಗೆ. ತಿನ್ನೋದು ಕಾರಿನಲ್ಲಿ ಕೂತು ಗಾಜು ಏರಿಸಿಕೊಂಡು. ಏನಾದ್ರೂ ಕಸಿದ್ರೆ ಬಿಟ್ಟುಬಿಡಿ, ಎಳೆದಾಡೋದರಲ್ಲೇ ಪರಚೋದು. ಪರಚಿದ್ರೆ ಅಥವಾ ಕಚ್ಚಿದ್ರೆ ಸೋಪು ಹಾಕಿ ಹರಿಯೋ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಕೇಳಿ. ಮಗುವಿಗೆ ಹಲ್ಲು ಕಿರಿಯಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ ಅಂತ ಮೊದಲೇ ಹೇಳಿಡಿ, ಕೋತಿಗೆ ಎರಡೂ ಜಗಳದ ಸೂಚನೆ.

ಹೆಜ್ಜೇನು ಗೂಡು ಬಂಡೆಯಲ್ಲೋ ಎತ್ತರದ ಮರದಲ್ಲೋ ಕಂಡ್ರೆ ಅದರ ಕೆಳಗೆ ಕೂಗಾಟ, ಕಲ್ಲೆಸೆತ, ಹೊಗೆ ಯಾವುದೂ ಬೇಡ. ಎದ್ದರೆ ಬಡಿದಾಡಬೇಡಿ, ತಲೆ ಮುಖ ಮುಚ್ಚಿಕೊಂಡು ದೂರ ಓಡಿ, ಕಟ್ಟಡ ಅಥವಾ ಕಾರಿನೊಳಗೆ ಸೇರಿಕೊಳ್ಳಿ.

ಯಲಹಂಕ_ಜಂಕ್ಷನ್

ರೈಲಿಗೆ ನಾನು ಹೇಳ್ತೀನಿ. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆ ಹೋಗೋ ಗಾಡಿಗೆ ನಂದಿ ಹಾಲ್ಟ್ ಅನ್ನೋ ನಿಲ್ದಾಣ ಇದೆ, ಹಳೇ ಕಲ್ಲಿನ ಕಟ್ಟಡ, ನೋಡೋಕೆ ಚೆಂದ. ಆದ್ರೆ ಅದು ಬೆಟ್ಟದ ಬುಡದ ನಂದಿ ಊರಿಗೆ ಅನುಕೂಲ, ನೆತ್ತಿಗೆ ಅಲ್ಲ. ಗಾಡಿಗಳ ಸಂಖ್ಯೆ ಕಡಿಮೆ, ವಾಪಸ್ ಗಾಡಿ ಸಮಯ ನೋಡಿಕೊಳ್ಳದೆ ಇಳಿಯಬೇಡಿ. ಮೆಜೆಸ್ಟಿಕ್‌ನಿಂದ ಕೆಎಸ್‌ಆರ್‌ಟಿಸಿ ಬಸ್ಸುಂಟು, ಬೆಳಗಿನದು ಹಿಡಿದ್ರೆ ಮಾತ್ರ ಉಪಯೋಗ.

ಕಲ್ಲುಗೋಡೆ

ಇಳಿದ ಮೇಲೆ ನಂದಿ ಊರಿನ ಭೋಗನಂದೀಶ್ವರನನ್ನು ಬಿಡಬೇಡಿ. 9ನೇ ಶತಮಾನದ ಆರಂಭದಿಂದ ಬೆಳೆಯುತ್ತ ಬಂದ ಗುಡಿ. ಒಳಗೆ ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ. ಪಕ್ಕದಲ್ಲಿ ಶೃಂಗಿ ತೀರ್ಥ ಎಂಬ ದೊಡ್ಡ ಕಲ್ಯಾಣಿ. ಅರುಣಾಚಲೇಶ್ವರ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವಿರಕ್ತಿ ಎಂಬುದು ಸ್ಥಳೀಯ ನಂಬಿಕೆ. ನೆಲ ಸಮತಟ್ಟಾಗಿರುವುದರಿಂದ ಹಿರಿಯರಿಗೂ ಸಲೀಸು. ಬರಿಗಾಲಲ್ಲಿ ನಡೆಯಬೇಕು, ಹನ್ನೆರಡರ ಮೇಲೆ ಅಂಗಳದ ಕಲ್ಲು ಸುಡುತ್ತದೆ, ಕಾಲುಚೀಲ ಇಟ್ಟುಕೊಳ್ಳಿ. ಶಿವರಾತ್ರಿಯ ಜಾತ್ರೆ, ರಥೋತ್ಸವದ ದಿನಗಳಲ್ಲಿ ಮಾತ್ರ ಈ ರಸ್ತೆ ಕಡೆ ತಲೆ ಹಾಕಬೇಡಿ, ನೋಡಲೆಂದೇ ಹೋಗುವುದಾದರೆ ಬೇರೆ.

ಮಲ್ಲೇಶ್ವರದ_ಮನೆ

ಸರಿ ಹಾಗಾದ್ರೆ. ಬುಧವಾರ 6.30ಕ್ಕೆ ಹೆಬ್ಬಾಳ. ಇಬ್ಬರು ಸುಲ್ತಾನಪೇಟೆಯಲ್ಲಿ ಇಳಿದು ಮೆಟ್ಟಿಲು, ಮೂವರು ಕಾರಿನಲ್ಲಿ. ಮೇಲೆ ಅಮೃತ ಸರೋವರದ ಹತ್ತಿರ ಹತ್ತು ಗಂಟೆಗೆ ಸೇರೋದು. ಒಂದೂವರೆಗೆ ಎಲ್ಲರೂ ಕಾರಿನಲ್ಲಿ ಇಳಿದು ಭೋಗನಂದೀಶ್ವರ.

ಮೆಟ್ಟಿಲು_1175

ಒಂದೇ ತಿದ್ದುಪಡಿ ಮೇಡಂ. ಸೇರೋ ಜಾಗ ಅಮೃತ ಸರೋವರ ಬೇಡ, ಕೋಟೆ ಬಾಗಿಲು ಇಟ್ಟುಕೊಳ್ಳಿ. ಬೆಟ್ಟದ ಮೇಲೆ ಮೊಬೈಲ್ ಸಿಗ್ನಲ್ ನಂಬೋ ಹಾಗಿಲ್ಲ, ಮೆಟ್ಟಿಲಿನವರು ಅರ್ಧ ಗಂಟೆ ತಡ ಆದ್ರೆ ಹಿರಿಯರು ಹುಡುಕಿಕೊಂಡು ಮತ್ತೆ ಆ ಏರು ಇಳಿದು ಹತ್ತಬೇಕಾಗುತ್ತೆ. ಆ ಇಬ್ಬರ ಜಾಕೆಟ್ ಕಾರಿನಲ್ಲೇ ಇರಲಿ, ಹತ್ತುವಾಗ ಬೇಕಾಗಲ್ಲ. ಬೆವೆತು ಮೇಲೆ ಬಂದು ಗಾಳಿಗೆ ನಿಂತ ತಕ್ಷಣ ಬೇಕಾಗುತ್ತೆ, ಒಂದು ಒಣ ಬನಿಯನ್ನೂ ಜೊತೆಗಿಡಿ.